ಡಬ್ಬಿಗೆ ಬೀಳದ ಮಳೆ

ಇವತ್ತು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಸಂಜೆ ಗುಡುಗು ಸಹಿತ ಮಳೆ ಸಾಧ್ಯತೆ. ಯುಗಾದಿ ಮುಗಿದು ಬಿಸಿಲೇರಿತೆಂದರೆ ಇಂಥ ಸಂದೇಶ ಬರುವುದು, ಅದನ್ನೋದಿ ನಾನು ಒಬ್ಬನೇ ನಗುವುದು, ಹೆಂಡತಿ ಕಣ್ಣು ಕೆಕ್ಕರಿಸುವುದು ವರ್ಷಾ ವರ್ಷಾ ಇದ್ದದ್ದೇ.

ನಿವೃತ್ತಿಯ ತನಕ ನಾನು ಹಳಿಯಾಳದ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆ ಕಚೇರಿಯ ಹಿಂದೆಯೇ ಇದ್ದದ್ದರಿಂದ ಆವರಣದಲ್ಲಿದ್ದ ಮಳೆಮಾಪಕವೂ ನನ್ನ ಕೊರಳಿಗೇ ಬಿದ್ದಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಆ ಡಬ್ಬಿಯ ನೀರು ಅಳೆದು ಕಾರವಾರದ ಜಿಲ್ಲಾ ಕಚೇರಿಗೆ ಫೋನ್ ಮಾಡಬೇಕು. ಆ ಲೆಕ್ಕವೇ ಮರುದಿನ ಪೇಪರಿನಲ್ಲಿ ಬರುತ್ತಿತ್ತು. ನಾನು ಬಿದ್ದ ಮಳೆ ಅಳೆಯುವವನು, ಬರುವ ಮಳೆ ಹೇಳುವವನಲ್ಲ. ಇದನ್ನು ಊರಿಗೆ ತಿಳಿಸಿ ಹೇಳಲು ನನ್ನಿಂದ ಆಗಲೇ ಇಲ್ಲ.

ಸಾಂಬ್ರಾಣಿಯ ತಕರಾರು

ಒಂದು ಏಪ್ರಿಲ್‌ನಲ್ಲಿ ನಮ್ಮ ತಾಲ್ಲೂಕಿನದೇ ಹಳ್ಳಿ ಸಾಂಬ್ರಾಣಿಯ ಹಿರಿಯ ರೈತರೊಬ್ಬರು ಪೇಪರ್ ಹಿಡಿದು ಬಂದರು. ಹಣೆಯಲ್ಲಿ ವಿಭೂತಿ, ದನಿಯಲ್ಲಿ ಸಿಟ್ಟು.

“ಸಾಹೇಬ್ರ, ಮೊನ್ನೆ ನಮ್ಮೂರಾಗ ಬದು ಒಡದು ಹೋಗೂವಂಥಾ ಮಳಿ ಆಗೇತಿ. ನೀವು ಹಳಿಯಾಳಕ್ಕ ಮಳೀನ ಇಲ್ಲ ಅಂತ ಹಾಕಿಸೀರಲ್ಲ?”

“ಯಜಮಾನ್ರ, ಈ ಡಬ್ಬ್ಯಾಗ ಬಿದ್ರಷ್ಟ ಮಳಿ ರೀ.”

ಅವರು ಡಬ್ಬಿಗೆ ಒಂದು ಸುತ್ತು ಹಾಕಿ ನೋಡಿದರು. “ಹಂಗಾರ ನಮ್ಮೂರಿಗೆ ಕಳಸ್ರಿ. ಇಲ್ಲಿ ಸುಮ್ನ ಖಾಲಿ ಕುಂತೈತಿ.”

ಮನೆಯ ಹವಾಮಾನ ಇಲಾಖೆ

ನನ್ನ ಹೆಂಡತಿಗೆ ತನ್ನದೇ ಇಲಾಖೆಯಿತ್ತು. ಮುಂಡಗೋಡದ ಕಡೆ ಸನವಳ್ಳಿಯಲ್ಲಿ ಅವಳ ತಂಗಿ, ದಾಂಡೇಲಿಯಲ್ಲಿ ಮಿಲ್ಲಿನ ಕೆಲಸದ ತಮ್ಮ. ಮೋಡ ಯಾವ ದಿಕ್ಕಿನಿಂದ ಬಂದರೂ ಇಬ್ಬರಲ್ಲಿ ಒಬ್ಬರ ಫೋನು ಅದಕ್ಕಿಂತ ಮೊದಲೇ ಬರುತ್ತಿತ್ತು. ನಾನು ಆಕಾಶ ನೋಡಿ “ಇವತ್ತ ಬರಂಗಿಲ್ಲ” ಎಂದರೆ, ಅವಳು ಎದ್ದು ಹೋಗಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದಳು.

“ನನ್ನ ಮಾತಿನ ಮ್ಯಾಲೆ ನಂಬಿಗಿನ ಇಲ್ಲೇನ ನಿನಗ?”

“ಪೂರ್ತಿ ಐತ್ರಿ. ಉಲ್ಟಾ ಹಿಡಕೋಬೇಕಷ್ಟ.”

ತಂತಿ ಬೇಲಿಯ ಒಳಗೆ

ನಿವೃತ್ತಿಗೆ ಕೆಲವೇ ತಿಂಗಳಿತ್ತು. ಅಲ್ಲಿಯ ತನಕ ಒಂದು ದಿನವೂ ಅಳತೆ ತಪ್ಪಿಸಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ಹೇಳಿಕೊಳ್ಳಲು ನನಗೆ ಇದ್ದದ್ದು ಅದೊಂದೇ. ಅದೇ ಬೇಸಿಗೆಯಲ್ಲಿ ಮಗಳ ಮದುವೆ. ಲಗ್ನಪತ್ರಿಕೆ ಹಂಚಲು ಮುಂಡಗೋಡಕ್ಕೆ ಹೋದವನು ಟಿಬೆಟನ್ ಕಾಲೊನಿಯ ಪರಿಚಯದವರಿಗೂ ಕೊಟ್ಟು, ರಾತ್ರಿ ನಾದಿನಿಯ ಮನೆಯಲ್ಲೇ ಉಳಿದೆ.

ಬೆಳಗಿನ ಬಸ್ಸಿಗೆ ಬಂದಿಳಿದರೆ ಹಳಿಯಾಳದ ಗಟಾರುಗಳೆಲ್ಲ ತುಂಬಿ ಹರಿಯುತ್ತಿವೆ. ಒಳ್ಳೆಯ ಅಳತೆ ಸಿಗುತ್ತದೆಂಬ ಖುಷಿಯಲ್ಲಿ ಓಡಿದೆ. ನೋಡುತ್ತೇನೆ, ಮಳೆಮಾಪಕದ ಬೇಲಿಯ ನಾಲ್ಕೂ ಕಂಬಕ್ಕೆ ತಾಡಪಾಲ ಬಿಗಿದಿದೆ. ಅದರಡಿ ಹೊರಸುಗಳ ಮೇಲೆ ಮದುವೆಯ ಶಂಡಿಗೆ. ನಡುವೆ ನನ್ನ ಡಬ್ಬಿ, ಬೆಚ್ಚಗೆ, ಒಣಒಣ.

“ಇದೇನ ಮಾಡಿ ಮಾರಾಯ್ತಿ!” ಎಂದು ಅಲ್ಲೇ ನಿಂತಿದ್ದ ಹೆಂಡತಿಯತ್ತ ಕೂಗಿದೆ.

“ಬೇಲಿ ಐತಿ, ಆಡು ಬರಂಗಿಲ್ಲ. ಗಿಡದ ನೆಳ್ಳಿಲ್ಲ. ಶಂಡಿಗಿ ಒಣಗಾಕ ಇಂಥಾ ಜಾಗಾ ಊರಾಗ ಎಲ್ಲೈತ್ರಿ? ತಮ್ಮ ಫೋನ್ ಮಾಡಿದ, ತಾಡಪಾಲ ಕಟ್ಟಿದ್ವಿ.” ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ತಾಡಪಾಲದ ಮ್ಯಾಲೆ ನೀರು ನಿಂತಾವು. ಒಂದು ಚರಿಗಿ ಸುರದ್ರ ಆತಲ್ಲ?”

ಒಂದು ಗಳಿಗೆ ಕೈ ಚರಿಗೆಯತ್ತ ಹೋದದ್ದು ನಿಜ. ಆದರೆ ಮನಸ್ಸು ಒಪ್ಪಲಿಲ್ಲ. ಕಾರವಾರಕ್ಕೆ ಫೋನ್ ಮಾಡಿದೆ.

“ಇವತ್ತ ಅಳತಿ ಇಲ್ರಿ.”

“ಯಾಕೆ?”

“ಡಬ್ಬಿ ಹತ್ರ ಶಂಡಿಗಿ ಹಾಕಿದ್ವಿ ರೀ.”

ಆ ಕಡೆಯವರು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, “ಕಾರಣ ಬರೆದು ಕಳಿಸಿ ಮಾರಾಯ್ರೇ, ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬೂದಿಲ್ಲ” ಎಂದರು. ಬರೆದು ಕಳಿಸಿದೆ. ಪೇಪರಿನಲ್ಲಿ ಹಳಿಯಾಳದ ಮುಂದೆ ‘ಮಾಹಿತಿ ಇಲ್ಲ’ ಎಂದು ಬಂತು. ಶಂಡಿಗೆಯ ಸುದ್ದಿ ತಾಲ್ಲೂಕೆಲ್ಲ ಹಬ್ಬಿ, ನಾಚಿಕೆಯಿಂದ ಎರಡು ದಿನ ತಲೆಯೆತ್ತಿ ತಿರುಗಲಿಲ್ಲ.

ಈಗ ಅಲ್ಲಿ ಆ ಬೇಲಿಯಿಲ್ಲ. ಕಂಬದ ಮೇಲೊಂದು ಯಂತ್ರ ತಾನೇ ಅಳೆದು ತಾನೇ ಕಳಿಸುತ್ತದೆ. ಆ ದಾರಿಯಲ್ಲಿ ಹೋದಾಗೆಲ್ಲ ಆ ಎಂಟೂವರೆಯ ಓಡಾಟ, ಹೆಂಡತಿಯ ಹೊರಸುಗಳು ನೆನಪಾಗುತ್ತವೆ.

ಮಗಳ ಆ ಮದುವೆಗೆ ಸಾಂಬ್ರಾಣಿಯ ಯಜಮಾನರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಶಂಡಿಗೆ ಬಡಿಸಲು ಹೋದ ನನ್ನನ್ನು ತಡೆದು, ಒಂದನ್ನು ಕಟುಮ್ಮೆಂದು ಕಡಿದು, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು:

“ಡಬ್ಬ್ಯಾಗೂ ಬಿದ್ದಿಲ್ಲ, ಶಂಡಿಗಿ ಮ್ಯಾಲೂ ಬಿದ್ದಿಲ್ಲ. ಸಾಹೇಬ್ರ ಲೆಕ್ಕ ಖರೇ ಐತ್ರಿ, ಅವತ್ತು ಹಳಿಯಾಳಕ್ಕ ಮಳೀನ ಆಗಿಲ್ಲ!”