ಅತ್ತೆಯ ನಗು ಮತ್ತು ಒಂದು ಇಂಚು ಮಳೆ

ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಮ್ಮ ಕಡೆಯವರು ಮೊದಲು ಹುಡುಕುವುದು ನಿಧನದ ಸುದ್ದಿಯನ್ನು. ರಾಜಕೀಯ, ಕಾಫಿ ರೇಟು, ತೋಟಕ್ಕೆ ನುಗ್ಗಿದ ಆನೆ, ಎಲ್ಲ ಆಮೇಲೆ. ಅಪಶಕುನ ಅನ್ನಬೇಡಿ. ಕೊಡಗಿನಲ್ಲಿ ಅರ್ಧ ಜಿಲ್ಲೆ ನೆಂಟರೇ ಆಗಿರುವಾಗ, ಸಾವಿಗೆ ಹೋಗದವರು ನಾಳೆ ಅದೇ ಮನೆಯ ಮದುವೆ ಊಟಕ್ಕೆ ಯಾವ ಮುಖ ಹೊತ್ತು ಹೋಗುವುದು? ಎಂಬತ್ತು ದಾಟಿದ ನಮ್ಮತ್ತೆಯಂತೂ ಸುದ್ದಿ ಬಿಟ್ಟು ಫೋಟೋಗಳಿಗೆ ಮಾರ್ಕು ಕೊಡುತ್ತಾರೆ. "ಪಾಪ, ಎಷ್ಟ್ ಲಕ್ಷಣವಾಗಿದ್ದ ಹೆಂಗಸು! ಈ ಮನೇರಿಗೆ ಬೇರೆ ಫೋಟೋ ಸಿಗ್ಲಿಲ್ವಾ? ಪೊಲೀಸ್ನೋರು ಹಿಡ್ಕೊಂಡು ಬಂದಂಗಿದೆ."

ಇಂಥ ಅತ್ತೆಗೆ ತಮ್ಮದೇ ಫೋಟೋ ಮಾತ್ರ ಆಗಿಬರುವುದಿಲ್ಲ. ಕ್ಯಾಮೆರಾ ಕಂಡರೆ ತುಟಿ ಬಿಗಿದು, ಕಣ್ಣಗಲಿಸಿ, ಸಾಕ್ಷಿ ಹೇಳಲು ನಿಂತವರಂತಾಗುತ್ತಾರೆ. ನಾನೋ ತಿಂದದ್ದು, ಬಿದ್ದದ್ದು, ಗಂಡನ ಜೊತೆ ಜಗಳವಾಡಿದ್ದು ಎಲ್ಲವನ್ನೂ ಫೋಟೋ ಸಮೇತ ಫೇಸ್‌ಬುಕ್ಕಿಗೆ ಹಾಕುವವಳು. ಮದುವೆಯಾಗಿ ಮಾದಾಪುರದ ಈ ತೋಟಕ್ಕೆ ಬಂದ ಮೇಲೆ ಅತ್ತೆಯ ಒಳ್ಳೆಯ ಫೋಟೋ ನನಗೆ ಸಿಕ್ಕಿದ್ದು ಒಂದೇ ಒಂದು. ಅದರ ಕತೆ ಹೇಳಬೇಕೆಂದರೆ ಮಳೆಯ ಕತೆ ಹೇಳಬೇಕು.

ಬೇಸಿಗೆಯಲ್ಲಿ ಕಾಫಿ ಹೂವರಳಿಸುವ ಮೊದಲ ಮಳೆ ನಮಗೆ ವರ್ಷದ ಅನ್ನ. ಅದು ಒಂದು ತೋಟಕ್ಕೆ ಬಂದು, ಪಕ್ಕದ ತೋಟಕ್ಕೆ ಬೆನ್ನು ತೋರಿಸಿ ಹೋಗುವಂಥದ್ದು. ಅದಕ್ಕೇ ಮನೆಮನೆಯಲ್ಲೂ ಮಳೆಮಾಪಕ. ಮಳೆ ನಿಂತ ತಕ್ಷಣ ಅಳತೆ ಗ್ಲಾಸು ಎತ್ತಿ ಹಿಡಿದು, ಇಂಚೆಷ್ಟು ಸೆಂಟೆಷ್ಟು (ನೂರು ಸೆಂಟಿಗೆ ಒಂದು ಇಂಚು) ಎಂದು ಓದಿ, ನೆಂಟರಿಗೆಲ್ಲ ಹೇಳಿ ಹೊಟ್ಟೆ ಉರಿಸುವುದು ನಮ್ಮ ಪದ್ಧತಿ. ನಮ್ಮನೆಯಲ್ಲಿ ಆ ಅಧಿಕಾರ ಅತ್ತೆಯದು. ಅವರ ಎದುರಾಳಿ ಹೊಳೆಯಾಚೆ ತೋಟದ ಅವರ ವಾರಗಿತ್ತಿ, ಅಂದರೆ ನನ್ನ ಚಿಕ್ಕತ್ತೆ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ತೋಟ ಪಾಲಾದಾಗಿನಿಂದ ಮಳೆಯಲ್ಲೂ ಪಾಲು ನೋಡುತ್ತಿದ್ದರು.

ಹೋದ ವರ್ಷ ಒಣಗಿ ಒಣಗಿ ಕೊನೆಗೊಮ್ಮೆ ಮಳೆ ಬಿತ್ತು. ಅತ್ತೆ ಗ್ಲಾಸು ಎತ್ತಿ ನೋಡಿದರು. ಭರ್ತಿ ಒಂದು ಇಂಚು! ಕೂಡಲೇ ನನ್ನ ಕೈಯಲ್ಲಿ ಮನೆಯ ಲ್ಯಾಂಡ್‌ಲೈನಿನಿಂದ ಚಿಕ್ಕತ್ತೆಗೆ ಫೋನ್ ಮಾಡಿಸಿದರು. ಅತ್ತಲಿಂದ ಸಣ್ಣ ದನಿಯಲ್ಲಿ, "ನಮ್ಗೆ ಹತ್ತೇ ಸೆಂಟು ಕಣಕ್ಕ. ನೆಲ ಸರಿಯಾಗಿ ನೆನೀಲಿಲ್ಲ" ಎಂದು ಬಂತು. "ಅಯ್ಯೋ ಪಾಪ!" ಅಂದರು ಅತ್ತೆ. ಬಾಯಿ ಪಾಪ ಅನ್ನುತ್ತಿದ್ದರೂ ಮುಖ ಪೂರ್ತಿ ಅರಳಿಬಿಟ್ಟಿತ್ತು. ಕೈಯಲ್ಲಿ ಗ್ಲಾಸು, ಕೆನ್ನೆಯಲ್ಲಿ ಗುಳಿ. ಅತ್ತೆಗೆ ಗುಳಿ ಬೀಳುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ತಟ್ಟನೆ ಒಂದು ಕ್ಲಿಕ್ ಮಾಡಿದೆ.

ಆ ಮಳೆಗಾಲದಲ್ಲೇ ಚಿಕ್ಕತ್ತೆ ತೀರಿಕೊಂಡರು. ಪೇಪರಿನಲ್ಲಿ ಬಂದದ್ದು ಆಧಾರ್ ಕಾರ್ಡಿನ ಫೋಟೋ. ಅತ್ತೆ ಕನ್ನಡಕ ಒರೆಸಿ ಒರೆಸಿ ನೋಡಿದರು. "ಇದು ಅವಳಲ್ಲ" ಅಂದರು. ಮರುದಿನ ನನ್ನನ್ನು ಕರೆದು, "ನೋಡು ಮಗಾ, ನಾನು ಹೋದಾಗ, ಆ ಗ್ಲಾಸ್ ಹಿಡ್ಕೊಂಡು ನಗ್ತಿದೀನಲ್ಲ, ಆ ಫೋಟೋನೇ ಪೇಪರಿಗೆ ಕೊಡ್ಬೇಕು. ಅಲ್ಲಿವರ್ಗೆ ನಿನ್ನ ಫೇಸ್‌ಬುಕ್ಕು ಗೀಸ್‌ಬುಕ್ಕು ಅಂತ ಎಲ್ಲೂ ಹಾಕ್ಕೂಡ್ದು" ಅಂದರು. ನಾನು ಮಾತು ಕೊಟ್ಟೆ, ಉಳಿಸಿಕೊಂಡೆ ಕೂಡ.

ಈ ವರ್ಷ ಹೂಮಳೆ ಬಂತು ನೋಡಿ, ನೆಂಟರ ವಾಟ್ಸಾಪ್ ಗುಂಪಿನಲ್ಲಿ ಗ್ಲಾಸುಗಳ ಪ್ರವಾಹ. ಪಾಲಿಬೆಟ್ಟದ ಗ್ಲಾಸು, ಸೋಮವಾರಪೇಟೆಯ ಗ್ಲಾಸು, ಯಾರೋ ಅಳಿಯನ ಗ್ಲಾಸು. ಫೋನು ತುಂಬಿ ಉಸಿರುಗಟ್ಟಿತು. ಒಂದು ಮಧ್ಯಾಹ್ನ ಕೂತು, ಗ್ಲಾಸು ಕಂಡದ್ದನ್ನೆಲ್ಲ ಟಿಕ್ ಮಾಡಿ ಅಳಿಸಿದೆ. ಫೋನಿನೊಳಗೊಂದು ಕಸದ ಬುಟ್ಟಿ ಇರುತ್ತದಲ್ಲ, ಅಲ್ಲಿ ಸ್ವಲ್ಪ ದಿನ ಬಿದ್ದಿರುತ್ತವೆ ಅಂತ ಗೊತ್ತು. ಆದರೆ ಕಸವನ್ನು ಮನೆಯೊಳಗೆ ಇಟ್ಟುಕೊಳ್ಳುವ ಜಾತಿಯವಳಲ್ಲ ನಾನು, ಅದನ್ನೂ ಗುಡಿಸಿಬಿಟ್ಟೆ. ಉದ್ದನೆಯ ಫೋಟೋವನ್ನು ಫೋನು ಚೌಕವಾಗಿ ಕತ್ತರಿಸಿ, ನಡುಭಾಗ ಮಾತ್ರ ತೋರಿಸುತ್ತದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಅತ್ತೆಯ ಫೋಟೋದ ನಡುವಿನಲ್ಲಿದ್ದದ್ದೂ ಗ್ಲಾಸೇ. ನಗು ಮೇಲಿತ್ತು.

ಸಂಜೆ ಅದು ಕಾಣದಿದ್ದಾಗ ಫೋನನ್ನು ಮೂರು ಸಲ ಮೇಲಿನಿಂದ ಕೆಳಗೆ ತಡಕಿದೆ. "ಬ್ಯಾಕಪ್ ಇಲ್ವಾ?" ಅಂದರು ನಮ್ಮೆಜಮಾನರು. ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ಕುತ್ತಿಗೆ ಚಾಚಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆಯಲ್ಲಿ ಬ್ಯಾಕಪ್ಪಂತೆ! "ಅದೊಂದಾದ್ರೂ ಫೇಸ್‌ಬುಕ್ಕಿಗೆ ಹಾಕಿದ್ರೆ ಉಳೀತಿತ್ತು. ಜೀವಮಾನದಲ್ಲಿ ಒಂದೇ ಸಲ ಅಮ್ಮನ ಮಾತು ಕೇಳಿದ್ದಕ್ಕೆ ಹೀಗಾಯ್ತು" ಎಂದು ಅವರೇ ಷರಾ ಬರೆದರು.

ಕಳೆದದ್ದನ್ನು ಹುಡುಕಿಕೊಡುವ ಒಂದು ಆ್ಯಪ್ ಹಾಕಿಕೊಂಡೆ. ಅದು ನಾನು ಬೇಡವೆಂದು ಬಿಟ್ಟದ್ದನ್ನೆಲ್ಲ ಎದೆಗಪ್ಪಿಕೊಂಡು ವಾಪಸ್ ತಂದಿತು. ಗುಲಾಬಿ ಹೂವಿನ ಶುಭೋದಯಗಳು, ಮಂಡಿನೋವಿನ ಮದ್ದು, ನನ್ನದೇ ಮೂಗಿನ ಸೆಲ್ಫಿ. ಅತ್ತೆ ಇಲ್ಲ. ಕೊನೆಗೆ ಮಡಿಕೇರಿಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ವಯಸ್ಸಿನವರೇ, ಮಲಯಾಳದವರು. ಕನ್ನಡಕ ಹಣೆಗೇರಿಸಿ, "ಚೇಚಿ, ಡಿಲೀಟ್ ಆದ್ಮೇಲೆ ಫೋನ್ ಮುಟ್ಟಿಲ್ಲ ಅಲ್ವಾ? ಹೊಸ ಫೋಟೋ ತೆಗೆದ್ರೆ ಹಳೇದ್ರ ಜಾಗದಲ್ಲಿ ಅದು ಕೂರ್ತದೆ" ಅಂದರು. ನಾನು ನೆಲ ನೋಡಿದೆ. ಬಸ್ಸಿನಲ್ಲಿ ಬರುವಾಗ, "ಫೋಟೋ ಕಳೆದುಕೊಂಡವರ ಸಂಕಟ" ಎಂಬ ಪೋಸ್ಟಿಗೆಂದು ಮಂಜಿನದು, ಬಸ್ಸಿನದು, ನನ್ನ ದುಃಖದ ಮುಖದ್ದು ಎಲ್ಲ ತೆಗೆದಾಗಿತ್ತು.

ಸಂಜೆಗೆ ಅವರು ಉಳಿಸಿಕೊಟ್ಟದ್ದು ಅಂಚೆಚೀಟಿಯಷ್ಟು ದೊಡ್ಡ ಚೌಕವೊಂದನ್ನು. ಅದರಲ್ಲಿದ್ದದ್ದು ಅತ್ತೆಯ ಗದ್ದ, ಮತ್ತು ಒಂದು ಇಂಚು ಮಳೆ.

ಮುಚ್ಚಿಡಬಹುದಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಯಾವ ಸುದ್ದಿ ನಿಂತಿದೆ ಹೇಳಿ? ಅಡುಗೆಮನೆಯಲ್ಲಿ ಕಡುಬಿನ ಹಿಟ್ಟು ಉಂಡೆ ಕಟ್ಟುತ್ತಾ ಹೇಳಿಬಿಟ್ಟೆ. ಪಕ್ಕದಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಯ ಕೈ ನಿಂತಿತು.

"ಪೂರ್ತಿ ಹೋಯ್ತಾ?"

"ಗದ್ದ ಉಳಿದಿದೆ ಅತ್ತೆ."

ಅತ್ತೆ ಇನ್ನೊಂದು ಕಾಯಿ ಎತ್ತಿ ನಾರೆಳೆದರು. ಆಮೇಲೆ, "ಬಿಡತ್ಲಾಗೆ. ಅವಳಿಗೂ ಪೇಪರಲ್ಲಿ ಚೆನ್ನಾಗಿರೋದು ಬರ್ಲಿಲ್ಲ, ನಂಗೂ ಬರಲ್ಲ. ಸಮ ಆಯ್ತು. ನಂದು ಚೆನ್ನಾಗ್ ಬಂದಿದ್ರೆ ಅಲ್ಲಿಗೆ ಹೋದ್ಮೇಲೆ ಅದಕ್ಕೊಂದು ಜಗಳ ತೆಗೀತಿದ್ಲು" ಅಂದರು.

"ಈ ಸಲದ ಮಳೆಗೆ ಇನ್ನೊಂದು ತೆಗೀಬಹುದಿತ್ತಲ್ಲ ಅತ್ತೆ, ನೀವು ಗ್ಲಾಸೇ ಎತ್ತಲಿಲ್ಲ" ಅಂದೆ.

"ಎತ್ತಿ? ಯಾರಿಗೆ ಹೇಳ್ಲಿ?"

ನಾನು ಉಂಡೆ ಕಟ್ಟುವುದನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತೆ. ಹುಬ್ಬು, ಕೆನ್ನೆ, ಗುಳಿ ಬೀಳುವ ಜಾಗ, ಬಾಯಿಪಾಠ ಮಾಡುವವಳಂತೆ. ಅತ್ತೆ ತಲೆಯೆತ್ತಿದರು.

"ಏನೇ ಹಂಗೆ ನುಂಗೋ ಥರ ನೋಡ್ತೀಯ? ಇವತ್ತೇ ಹೋಗ್ಬಿಡ್ತೀನಿ ಅಂದ್ಕೊಂಡ್ಯಾ? ಕಡುಬು ತಿಂದೇ ಹೋಗೋದು!" ಎಂದು ನಕ್ಕರು. ಅದೇ ನಗು. ಎರಡೂ ಕೆನ್ನೆಯಲ್ಲಿ.

ಫೋನು ಒಳಗೆ ಚಾರ್ಜಿಗಿತ್ತು, ನನ್ನ ಕೈತುಂಬ ಹಿಟ್ಟು. ನಾನು ನೋಡಿದೆ, ಅಷ್ಟೇ. ಆ ನಗು ಎಷ್ಟು ಚಂದವಿತ್ತೆಂದು ಹೇಳಿದರೆ ನೀವು ನನ್ನ ಮಾತನ್ನೇ ನಂಬಬೇಕು. ಇಷ್ಟು ವರ್ಷ ಫೇಸ್‌ಬುಕ್ಕಿನಲ್ಲಿ ಎಲ್ಲದಕ್ಕೂ ಉಪ್ಪುಖಾರ ಹಚ್ಚಿ ಬರೆದದ್ದಕ್ಕೆ ಇವತ್ತು ಪಶ್ಚಾತ್ತಾಪವಾಗುತ್ತಿದೆ.