ಅಜ್ಜಿಗೊಂದು ವಿಂಡೋ ಸೀಟು

ಲೋಕಲ್ ಟ್ರೈನಿನಲ್ಲಿ ಓಡಾಡುವವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಮ್ಮ ಅಜ್ಜಿ ಜೊತೆಗಿದ್ದರೆ ಟ್ರೈನು ಇಳಿದ ಮೇಲೂ ಬರವಿರಲಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಮುಂಬಯಿ ಹತ್ತಿರದ ಠಾಕುರ್ಲಿಗೆ ಬಂದವರು ಅರವತ್ತು ಚಿಲ್ಲರೆ ವರ್ಷ ಈ ಕಡೆಯಲ್ಲೇ ಕಳೆದರು. ಅವರ ಒಂದು ಕೋಣೆಯ ಮನೆಗೆ ಇದ್ದ ಒಂದೇ ಕಿಟಕಿ ಪಕ್ಕದ ಚಾಳಿನ ಗೋಡೆಗೆ ತೆರೆಯುತ್ತಿತ್ತು. ಹಾಗಾಗಿ ಅವರ ಪಾಲಿಗೆ ಗಾಳಿ ಎಂದರೆ ಟ್ರೈನಿನ ವಿಂಡೋ ಸೀಟು, ಅಷ್ಟೇ. ಹೋದ ತಿಂಗಳು ತೀರಿಕೊಂಡರು. ನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ, ಎಷ್ಟು ಸಾಧ್ಯವಾಗುತ್ತದೋ ಗೊತ್ತಿಲ್ಲ.

೧. ಮೊದಲ ಗೆಳತಿ

ಇದು ಅಜ್ಜಿಯೇ ನೂರು ಸಲ ಹೇಳಿದ್ದು. ಊರಿನಿಂದ ಬಂದ ಮೊದಲ ದಿನ ಅಜ್ಜ ಅವರನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ, “ಠಾಕುರ್ಲಿ ಬಂದಾಗ ಇಳಿ” ಎಂದು ಹೇಳಿ ತಾವು ಗಂಡಸರ ಡಬ್ಬಿಗೆ ಓಡಿದರಂತೆ. ಹೇಗೋ ಅಜ್ಜಿಗೆ ವಿಂಡೋ ಸಿಕ್ಕಿತು. ಠಾಣೆಯಲ್ಲಿ ಹತ್ತಿದ ಒಬ್ಬ ಹೆಂಗಸು ಬಗ್ಗಿ, ನಗುತ್ತ, “ಕುಠೇ ಉತರಣಾರ್?” ಎಂದಳು. ಎಲ್ಲಿ ಇಳಿಯುತ್ತೀಯ ಎಂದು ಕೇಳುತ್ತಿದ್ದಾಳೆಂದು ಅಜ್ಜಿಗೆ ಅಂದಾಜಾಯಿತು. ಠಾಕುರ್ಲಿ ಎಂದರು. ಆಕೆ ಅಜ್ಜಿಯ ಮೊಣಕಾಲಿಗೆ ಅಂಟಿಕೊಂಡೇ ನಿಂತಳು. ಯಾರಾದರೂ ಹತ್ತಿರ ಬಂದರೆ ಮೊಣಕೈಯಿಂದ ತಳ್ಳಿದಳು. ಹೊಸ ಮದುಮಗಳನ್ನು ಎಷ್ಟು ಜತನದಿಂದ ಕಾಯುತ್ತಿದ್ದಾಳಲ್ಲ ಎಂದು ಅಜ್ಜಿಗೆ ಕಣ್ಣು ತುಂಬಿ ಬಂತು. ಠಾಕುರ್ಲಿ ಬಂತು. ಅಜ್ಜಿ ಇನ್ನೂ ಪೂರ್ತಿ ಎದ್ದಿರಲಿಲ್ಲ, ಗೆಳತಿ ಧಪ್ಪನೆ ಕೂತಾಗಿತ್ತು. ಟ್ರೈನು ಕೊನೆಯಾಗುವ ಕಲ್ಯಾಣಕ್ಕೆ ಮುಂದೆ ಇದ್ದದ್ದು ಒಂದೇ ಸ್ಟೇಷನ್ನು.

“ಈ ಊರಲ್ಲಿ ಯಾರಾದ್ರೂ ಪ್ರೀತಿಯಿಂದ ಮಾತಾಡ್ಸಿದ್ರೆ,” ಅಜ್ಜಿ ನನಗೆ ಹೇಳುತ್ತಿದ್ದರು, “ಮೊದ್ಲು ನೀನು ಎಂತದ್ರ ಮೇಲೆ ಕೂತಿದ್ದಿ ನೋಡ್ಕೊ ಮಾರಾಯ್ತಿ.”

೨. ಮಜ್ಜಿಗೆಗೆ ಬಂದಿರಾ?

ಆಮೇಲೆ ಶಹಾಡಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕೆಲಸ, ದಿನಾ ಟ್ರೈನು. “ಕುಠೇ ಉತರಣಾರ್?” ಎಂಬ ಆ ಪ್ರಶ್ನೆ ಅವರ ನಾಲಿಗೆಗೂ ಅಂಟಿಕೊಂಡಿತು. ಬ್ಯಾಂಕಿನ ಬೆಂಚು, ಡಾಕ್ಟರ ಹೊರಕೋಣೆ, ಎಲ್ಲ ಕಡೆಯೂ ಕೂತವರನ್ನು ವಿಚಾರಿಸಿ, ಅವರ ಮೊಣಕಾಲಿಗೆ ತಾಗಿಯೇ ನಿಲ್ಲುವರು.

ನವಿ ಮುಂಬಯಿಯಲ್ಲಿ ನೆಂಟರ ಮದುವೆ. ಊಟದ ಹಾಲ್‌ನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಒಬ್ಬ ದೊಡ್ಡ ಮನುಷ್ಯರು ಉಣ್ಣುತ್ತಿದ್ದರು. ಅಜ್ಜಿ ಅವರ ಬೆನ್ನಿಗೇ ನಿಂತು ಎಲೆಯೊಳಗೆ ಇಣುಕಿ, “ಮಜ್ಜಿಗೆಗೆ ಬಂದಿರಾ?” ಎಂದರು. ಅವರು ಇನ್ನೂ ಸಾರಿನಲ್ಲಿದ್ದರು. “ಅಡ್ಡಿಲ್ಲ, ನಿಧಾನ ಉಣ್ಣಿ” ಎಂದ ಅಜ್ಜಿ ತಮ್ಮ ಕರ್ಚೀಫನ್ನು ಅವರ ಕುರ್ಚಿಯ ಬೆನ್ನಿಗೆ ಹಾಕಿದರು. ಆ ಮಹಾಶಯರು ಪಾಯಸ ಬಿಟ್ಟೇ ಎದ್ದರು. ವರನ ತಂದೆ ಅವರು.

ನನಗೆ ಮುಖ ಎತ್ತಲಾಗಲಿಲ್ಲ. ಬರುವಾಗ ಕಾರಿನಲ್ಲಿ, “ಇನ್ನು ನಿಮ್ಮನ್ನು ಎಲ್ಲಿಗೂ ಕರ್ಕೊಂಡು ಹೋಗೋದಿಲ್ಲ” ಎಂದು ರೇಗಿಬಿಟ್ಟೆ. ಇವತ್ತು ಆ ಮಾತನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ಅಜ್ಜಿ ಮಾತ್ರ ಹಾಯಾಗಿ, “ಪಾಯಸ ಒಳ್ಳೇದಿತ್ತು, ಅವರೇ ತಿನ್ಲಿಲ್ಲ” ಎಂದರು.

೩. ಹದಿನಾಲ್ಕನೆ ಮಹಡಿ

ಠಾಣೆಯ ಮಾಜಿವಾಡಾದಲ್ಲಿ ನಾನು ಫ್ಲ್ಯಾಟ್ ತೆಗೆದುಕೊಂಡಾಗ ಗೋಡೆಯಷ್ಟು ದೊಡ್ಡ ಕಿಟಕಿಯ ಮುಂದೆ ಅಜ್ಜಿಗೆ ಕುರ್ಚಿ ಹಾಕಿಸಿದೆ. “ನೋಡಿ, ನಿಮ್ಮ ವಿಂಡೋ. ಯಾರನ್ನೂ ಕೇಳಬೇಕಾಗಿಲ್ಲ” ಎಂದೆ ಜಂಬದಿಂದ. ಎಂಟು ದಿನ ಕೂತರು. ಕೆಳಗೆ ಹೈವೇ, ಫ್ಲೈಓವರು, ಜಾಮಾಗಿ ನಿಂತ ಕಾರುಗಳು. ಒಂಬತ್ತನೆಯ ದಿನ ಕುರ್ಚಿ ತಿರುಗಿಸಿ ಟಿವಿ ಕಡೆ ಹಾಕಿಕೊಂಡರು.

“ಯಾಕಜ್ಜಿ?”

“ವಿಂಡೋ ಚಂದ ಉಂಟು. ಆದ್ರೆ ಮನೆ ಮುಂದಕ್ಕೆ ಹೋಗುದೇ ಇಲ್ವಲ್ಲ!”

೪. ವಾರ್ಡಿನ ಕ್ಯೂ

ಕೊನೆಗೆ ಠಾಣೆಯ ಆಸ್ಪತ್ರೆಯ ವಾರ್ಡಿನಲ್ಲಿ ಬಾಗಿಲ ಪಕ್ಕದ ಮಂಚ ಸಿಕ್ಕಿತು. ಕಿಟಕಿಯ ಪಕ್ಕದ ಮಂಚದಲ್ಲಿ ಬೇರೊಬ್ಬ ಮುದುಕಿ. ಉಸಿರಿಗೆ ಕಷ್ಟವಾಗುತ್ತಿದ್ದರೂ ಅಜ್ಜಿ ನನ್ನ ಕೈಗೆ ಕರ್ಚೀಫು ಕೊಟ್ಟು, “ಡಿಸ್ಚಾರ್ಜು ಯಾವಾಗ ಅಂತ ಕೇಳು. ಇದನ್ನು ಅವಳ ಕಾಲ ಹತ್ರ ಇಡು” ಎಂದರು. ನಾಚಿಕೆಯಿಂದ ಹೋಗಿ ಕೇಳಿದೆ. ಆಕೆ ಕಲ್ಯಾಣದವಳು, ಸಿಟ್ಟೇನೂ ಮಾಡಲಿಲ್ಲ. “ಶುಕ್ರವಾರ ಹೋಗ್ತೇನೆ. ಆದ್ರೆ ಏಳನೇ ಮಂಚದವಳಿಗೆ ಮೊದ್ಲೇ ಹೇಳಿದ್ದೇನೆ. ನಿಮ್ಮ ಅಜ್ಜಿ ಸೆಕೆಂಡ್” ಎಂದಳು ಮರಾಠಿಯಲ್ಲಿ.

ಅಜ್ಜಿಗೆ ಹೇಳಿದೆ. “ನ್ಯಾಯದ ಹೆಂಗ್ಸು” ಎಂದು ತಲೆಯಾಡಿಸಿದರು. ಗುರುವಾರವೇ ಹೋಗಿಬಿಟ್ಟರು. ಬಾಗಿಲ ಪಕ್ಕದಿಂದಲೇ.

೫. ಕುಠೇ ಉತರಣಾರ್?

ಅಸ್ಥಿಯನ್ನು ಕಲ್ಯಾಣದ ಖಾಡಿಯ ನೀರಿಗೆ ಬಿಡಬೇಕು, ಟ್ರೈನಿನಲ್ಲೇ ಒಯ್ಯಬೇಕು ಎಂದು ಅಜ್ಜಿ ಮೊದಲೇ ಹೇಳಿಟ್ಟಿದ್ದರು. “ಗಂಡಸರ ಡಬ್ಬಿಯಲ್ಲಿ ಇಷ್ಟು ವರ್ಷ ಕಾಲಿಡ್ಲಿಲ್ಲ, ಈಗಂತೂ ಬೇಡ” ಎಂದೂ ಹೇಳಿದ್ದರು. ಹೀಗಾಗಿ ಅಪ್ಪ ಭಟ್ಟರ ಜೊತೆ ಮುಂದೆ ಹೋದರು. ಕೆಂಪು ಬಟ್ಟೆ ಸುತ್ತಿದ ಮಡಕೆ ಹಿಡಿದು ನಾನು ಠಾಣೆಯಲ್ಲಿ ಲೇಡೀಸ್ ಡಬ್ಬಿ ಹತ್ತಿದೆ. ಬೆಳಗಿನ ಹೊತ್ತು, ಸೀಟುಗಳೆಲ್ಲ ಭರ್ತಿ. ಮನೆಯದು ಹಿಡಿಸಲಿಲ್ಲ, ಆಸ್ಪತ್ರೆಯದು ಸಿಗಲಿಲ್ಲ, ಇದೊಂದು ಸಲವಾದರೂ ಅಜ್ಜಿಗೆ ವಿಂಡೋ ಕೊಡಿಸಲೇಬೇಕೆಂದು ಹಠ ಬಂತು.

ಜನ್ಮದಲ್ಲಿ ಮೊದಲ ಬಾರಿಗೆ ಬಗ್ಗಿ, ನಗಲು ಪ್ರಯತ್ನಿಸಿ, ವಿಂಡೋದಲ್ಲಿದ್ದವಳನ್ನು ಕೇಳಿದೆ: “ಕುಠೇ ಉತರಣಾರ್?”

“ದಿವಾ” ಎಂದಳು. ಅವಳ ಮೊಣಕಾಲಿಗೆ ಅಂಟಿಕೊಂಡು ನಿಂತೆ. ಹತ್ತಿರ ಬಂದವಳೊಬ್ಬಳನ್ನು ಮೊಣಕೈಯಿಂದ ತಡೆದೆ. ದಿವಾದಲ್ಲಿ ಕೂತೆ. ಮಡಕೆಯನ್ನು ತೊಡೆಯ ಮೇಲಿಟ್ಟು ಕಿಟಕಿಯ ಕಡೆ ವಾಲಿಸಿ ಹಿಡಿದೆ. ಗಾಳಿ ಬಂತು. ನಾನು ಅತ್ತೆ.

ಡೋಂಬಿವ್ಲಿಯಲ್ಲಿ ಹೆಂಗಸರು ನುಗ್ಗಿದರು. ಅವರ ಆಫೀಸು ಇರುವುದು ಮುಂಬಯಿಯಲ್ಲಿ, ಆದರೂ ಸೀಟಿಗಾಗಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅದೇ ಟ್ರೈನಿನಲ್ಲಿ ಕೂತು ಬರುವವರು. ಅವರಲ್ಲೊಬ್ಬಳು ನನ್ನೆದುರು ಬಗ್ಗಿ, “ಕುಠೇ ಉತರಣಾರ್?” ಎಂದಳು.

ಮಡಕೆ ತೋರಿಸಿ, “ನನ್ನ ಅಜ್ಜಿ... ಕಲ್ಯಾಣ” ಎಂದೆ.

ಆಕೆ ಕೆಂಪು ಬಟ್ಟೆ ನೋಡಿದಳು, ಅದರ ಮೇಲಿಟ್ಟ ಚೆಂಡುಹೂವು ನೋಡಿದಳು. ಚಪ್ಪಲಿ ಕಳಚಿ ಕೈಮುಗಿದಳು. ಅವಳ ಕಣ್ಣೂ ಒದ್ದೆಯಾಯಿತು. ಮುಗಿದ ಕೈ ಇಳಿಸದೆಯೇ ಮೆಲ್ಲಗೆ ಮರಾಠಿಯಲ್ಲಿ ಹೇಳಿದಳು: “ಹಾಗಾದ್ರೆ ಆಜಿ ಇಳಿದ ಮೇಲೆ ಅವರ ವಿಂಡೋ ನನಗೆ, ಹಾಂ? ಬೇರೆ ಯಾರಿಗೂ ಹೇಳ್ಬೇಡಿ.”

ಅಜ್ಜಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಆಕೆ ನನ್ನ ಮೊಣಕಾಲಿಗೆ ತಾಗಿ ನಿಂತಳು. ಠಾಕುರ್ಲಿಯಲ್ಲಿ ಯಾರೋ ತಳ್ಳಿದಾಗ ಮಡಕೆಗೆ ಏಟಾಗದಂತೆ ಕೈ ಅಡ್ಡ ಹಿಡಿದಳು.

ಕಲ್ಯಾಣ ಬಂತು. ಅಜ್ಜಿಯನ್ನು ಎದೆಗವಚಿಕೊಂಡು ಏಳತೊಡಗಿದೆ. ಇನ್ನೂ ಪೂರ್ತಿ ಎದ್ದಿರಲಿಲ್ಲ, ಆಕೆ ಧಪ್ಪನೆ ಕೂತಾಗಿತ್ತು.