ಉರಿಗಾಲಿನ ಮೇಷ್ಟ್ರೂ ನನ್ನ ಹಟವೂ

ಔಷಧದಂಗಡಿ ಇಟ್ಟವರು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ದಿನಕ್ಕೊಂದು ನಡೆದೇ ನಡೆಯುತ್ತದೆ. ನಾನು ತಿ. ನರಸೀಪುರದ ಒಬ್ಬ ಯಜಮಾನರ ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ ನಂಜನಗೂಡಿನಲ್ಲಿ ಸ್ವಂತ ಮೆಡಿಕಲ್ ಸ್ಟೋರ್ ಹಾಕಿದವಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಆಲ್ಫಾ ಲಿಪೊಯಿಕ್ ಆಸಿಡ್ ಅನ್ನೋ ಕ್ಯಾಪ್ಸೂಲ್ ನಮ್ಮ ಕಡೆ ಜೋರಾಗಿ ಓಡಿತು. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡಾಕ್ಟರು ಬರೆಯೋರು. ಕೆಲವರಿಗೆ ಉರಿ ತಗ್ಗುತ್ತಿತ್ತು, ಕೆಲವರಿಗೆ ಇಲ್ಲ. ಅದು ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ತಗೊಳ್ಳೋದು, ಅದರ ಬದಲಿಗೆ ಅಲ್ಲ. ಇಷ್ಟನ್ನು ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರ ತಲೆಗೆ ಹಾಕೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಹೋದರೆ ಹೋಗೋದು ಅವರ ಕಾಲು. ಹಟ ಮಾತ್ರ ಇಬ್ಬರದೂ.

ಖಾಲಿ ಹೊಟ್ಟೆ

ಈ ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಊಟದ ಜೊತೆ ಆದರೆ ಮೈಗೆ ಸರಿಯಾಗಿ ಹತ್ತೋದಿಲ್ಲ. ಬಿಳಿಗೆರೆ ಕಡೆಯ ಅಜ್ಜಿಯೊಬ್ಬರು ಉರಿ ಒಂಚೂರೂ ಕಮ್ಮಿಯಾಗಿಲ್ಲ ಅಂತ ಬಂದರು.

"ಏನೂ ತಿನ್ನದೆ ತಗೋತಿದ್ದೀರಾ ತಾನೇ?"

"ಊಂ ಕಣವ್ವ. ಎದ್ದೇಟ್ಗೆ ಒಂದ್ ಲೋಟ ಕಾಪಿ, ಎಮ್ಮೆ ಆಲು ಕರೆದ್ಮೇಲೆ ಇನ್ನೊಂದ್ ಲೋಟ, ಅದ್ರಲ್ಲಿ ಎರಡ್ ಬನ್ನು ಅದ್ಕೊತೀನಿ. ಅಷ್ಟೇಯ."

"ಅದು ತಿಂದಂಗಲ್ವಾ ಅಜ್ಜಿ?"

"ಅದೆಂಗವ್ವ ತಿಂದಂಗಾದದು? ಇನ್ನೂ ಮುದ್ದೆಗೆ ಎಸರೇ ಇಟ್ಟಿರಾಕಿಲ್ಲ!"

ನಮ್ಮ ಕಡೆ ಮುದ್ದೆ ಇಳಿಯೋವರೆಗೂ ಹೊಟ್ಟೆ ಖಾಲಿಯೇ. ಕಾಫಿಗೂ ಮುಂಚೆ ನುಂಗಿ ಅಂತ ಜೋರು ಮಾಡಿದೆ. ಅಜ್ಜಿ ನನ್ನನ್ನೇ ದಡ್ಡಿಯಂತೆ ನೋಡಿದರು.

"ಕಾಪಿ ಕುಡೀದೆ ಕಣ್ಣೇ ಬುಡಾಕಿಲ್ಲ, ಮಾತ್ರೆ ಎಂಗ್ ಉಡುಕ್ಲಿ?"

ಜೇಬಿನ ಧೈರ್ಯ

ಒಂದು ಮದುವೆಯಲ್ಲಿ ಮೇಷ್ಟ್ರು ನನ್ನ ಪಕ್ಕದ ಎಲೆಗೇ ಕೂತರು.

"ಎಷ್ಟನೇ ಹೋಳಿಗೆ ಮೇಷ್ಟ್ರೇ?"

"ಮೂರು. ಹೆದರ್ಬೇಡಮ್ಮ, ಕ್ಯಾಪ್ಸೂಲ್ ಜೇಬಲ್ಲೇ ಇದೆ."

ಕೆದಕಿದಾಗ ಗೊತ್ತಾಯಿತು, ಸಕ್ಕರೆ ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು. ಇದೊಂದೇ ಎಲ್ಲಾ ನೋಡ್ಕೊಳ್ಳುತ್ತೆ ಅಂತ ಅವರೇ ತೀರ್ಮಾನ ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಊಟ ಬಿಟ್ಟು ಬೈದೆ.

"ಆಯ್ತಮ್ಮ, ನಿನ್ನ ಮಾತಿಗೆ ಬೆಲೆ ಕೊಡ್ತೀನಿ. ಇವತ್ತು ಎರಡು ಕ್ಯಾಪ್ಸೂಲ್ ನುಂಗ್ತೀನಿ," ಅಂದವರೇ ಬಡಿಸುವವನ ಕಡೆ ತಿರುಗಿದರು. "ಇನ್ನೊಂದು ಹೋಳಿಗೆ ಹಾಕಪ್ಪ, ಲೆಕ್ಕ ಸರಿಹೋಯ್ತು."

ನರಸೀಪುರದ ಬಸ್ಸು

ಮಾರನೇ ವಾರ ಕ್ಯಾಪ್ಸೂಲಿಗೆ ಬಂದರು. ಮೊದಲು ಡಾಕ್ಟರಿಗೆ ಕಾಲು ತೋರಿಸಿ, ಸಕ್ಕರೆ ಮಾತ್ರೆ ಶುರು ಮಾಡಿ, ಆಮೇಲೆ ಬನ್ನಿ ಅಂದೆ.

"ಅಂಗಡಿ ಇಟ್ಟಿರೋದು ಮಾರೋಕೆ!"

"ಅಂಗಡಿ ನಂದು. ಕೊಡಲ್ಲ ಅಂದ್ರೆ ಕೊಡಲ್ಲ."

"ಮೂವತ್ತು ವರ್ಷ ವಿಜ್ಞಾನ ಹೇಳಿದೋನಿಗೆ ನೀನು ಹೇಳ್ತೀಯಾ? ನಿನಗೆ ಕೆಲಸ ಕಲಿಸಿದೋರ ಹತ್ರಾನೇ ತಗೋತೀನಿ!" ಅಂತ ಗುಡುಗಿ ನರಸೀಪುರದ ಬಸ್ಸು ಹತ್ತಿಯೇಬಿಟ್ಟರು. ನಾನೇನು ಕಮ್ಮಿ? ಬಸ್ಸು ಮುಟ್ಟೋದರೊಳಗೆ ಹಳೇ ಯಜಮಾನರಿಗೆ ಫೋನ್ ಮಾಡಿದೆ. ಸಂಜೆ ಅವರೇ ತಿರುಗಿ ಮಾಡಿದರು.

"ಬಂದಿದ್ರು ಕಣಮ್ಮ. ಕೊಡಲಿಲ್ಲ. ಆದ್ರೆ ಇನ್ಮೇಲೆ ಇಂಥೋರನ್ನ ಕಳಿಸ್ಬೇಡ. ಒಂದು ಗಂಟೆ ಪಾಠ ಮಾಡಿ, ಕೊನೇಲಿ ನನಗೇ ಪ್ರಶ್ನೆ ಕೇಳಿದ್ರು!"

ಒಂಟಿ ಚಪ್ಪಲಿ

ಒಂದು ತಿಂಗಳು ಮೇಷ್ಟ್ರ ಸುಳಿವಿಲ್ಲ. ಒಂದು ದಿನ ಗೆದ್ದವರ ಹಾಗೆ ಬಂದರು. ಅಂಗಡಿ ಮುಂದೆ ನಾಲ್ಕು ಜನ ಇದ್ದದ್ದು ನೋಡಿ ದನಿ ಏರಿಸಿದರು.

"ನೀನು ಕೊಡದಿದ್ರೇನಮ್ಮ? ಮೊದಲು ತಗೊಂಡಿದ್ರಲ್ಲೇ ವಾಸಿಯಾಯ್ತು! ಉರಿ ಇಲ್ಲ, ಜುಮುಜುಮು ಇಲ್ಲ, ಏನೂ ಇಲ್ಲ!"

ಪಾದದ ಕಡೆ ಬಗ್ಗಿ ನೋಡಿದೆ.

"ಮೇಷ್ಟ್ರೇ, ಎಡಗಾಲಿನ ಚಪ್ಪಲಿ ಎಲ್ಲಿ?"

ನೋಡಿಕೊಂಡರು. ಬಲಗಾಲಲ್ಲಿ ಚಪ್ಪಲಿ, ಎಡಗಾಲಲ್ಲಿ ಬರೀ ಧೂಳು. ಎಲ್ಲಿ ಜಾರಿತೋ, ಎಷ್ಟು ದೂರ ನಡೆದರೋ ಅವರಿಗೇ ಗೊತ್ತಿಲ್ಲ. ಉರಿ ವಾಸಿಯಾಗಿರಲಿಲ್ಲ, ಕಾಲಿಗೆ ಸ್ಪರ್ಶವೇ ಹೋಗಿತ್ತು.

"ದೇವಸ್ಥಾನದ ಹತ್ರ ಬಿಟ್ಟಿರ್ತೀನಿ," ಅಂದರು, ಇನ್ನೂ ಸೋಲದೆ.

"ದೇವಸ್ಥಾನದಲ್ಲಿ ಎರಡೂ ಬಿಡ್ತಾರೆ ಮೇಷ್ಟ್ರೇ. ಒಂದೇ ಬಿಟ್ಟು ಬಂದೋರನ್ನ ನಾನು ಕಾಣೆ."

ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಕೈ ಹಿಡಿದು ಮಹಡಿ ಮೇಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅಂಗಾಲಿನಲ್ಲಿ ಗಾಜಿನ ಚೂರು ಸಿಕ್ಕಿತು. ಮೇಷ್ಟ್ರಿಗೆ ಅದೂ ತಿಳಿದಿರಲಿಲ್ಲ. ಬೇಗ ಬಂದಿರಿ, ಕಾಲು ಉಳಿಯಿತು ಅಂದರು ಡಾಕ್ಟರು.

ಬ್ಯಾಂಡೇಜ್ ಕಟ್ಟಿಸಿಕೊಂಡು ಇಳಿದ ಮೇಷ್ಟ್ರು ಅಂಗಡಿಯ ಸ್ಟೂಲಿನ ಮೇಲೆ ಕೂತು, ಮೊದಲ ಸಲ ವಾದ ಮಾಡದೆ ಹೇಳಿದರು.

"ಸಕ್ಕರೆ ಮಾತ್ರೆ ಕೊಡಮ್ಮ. ಒಂದೇ ಒಂದು ಕೇಳ್ಕೊತೀನಿ. ಮಾತ್ರೆ ಬಿಟ್ಟಿದ್ದು, ಹೋಳಿಗೆ ತಿಂದಿದ್ದು, ಈ ಚಪ್ಪಲಿ, ಯಾವುದೂ ನಮ್ಮನೆಯವಳಿಗೆ ಗೊತ್ತಾಗಬಾರದು."

"ಆಗಲಿ ಮೇಷ್ಟ್ರೇ," ಅಂದೆ.

ಅವರು ಬೀದಿ ತಿರುವು ದಾಟೋದರೊಳಗೆ ಅವರ ಮನೆಗೆ ಫೋನ್ ಮಾಡಿ, ಹೋಳಿಗೆಯಿಂದ ಶುರುಮಾಡಿ ಎಲ್ಲಾ ಹೇಳಿದೆ.